ಗೋಕರ್ಣದಿಂದ ಸಿದ್ದಾಪುರಕ್ಕೆ ಗ್ರಾವೆಲ್ ಸೈಕಲ್: ಅಘನಾಶಿನಿ ಪಕ್ಕದ ದಾರಿ ಗೊತ್ತಿದ್ದವರು ಹೇಳಿ

ಪ್ರಶ್ನೆ (ಬೆಂಗಳೂರಿನಿಂದ)

ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಇದೆ. ಹೋದ ವರ್ಷ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೆ ಹೊಂದುವ ಅಗಲ ಟೈರಿನ ಸೈಕಲ್) ತಗೊಂಡೆ. ನಂದಿ ಬೆಟ್ಟದ ಸುತ್ತಲಿನ ಮಣ್ಣುದಾರಿ ಬಿಟ್ಟರೆ ಬೇರೆಲ್ಲೂ ಓಡಿಸಿಲ್ಲ. ಈ ಸಲ ಕಡಲು, ಹೊಳೆ, ಘಟ್ಟ ಮೂರೂ ಒಂದೇ ಪ್ರಯಾಣದಲ್ಲಿ ನೋಡಬೇಕು ಅಂತ ಆಸೆ. ನಕ್ಷೆ ನೋಡಿಕೊಂಡು ಗೋಕರ್ಣ, ಕುಮಟಾ, ದೇವಿಮನೆ ಘಟ್ಟ, ಶಿರಸಿ ಅಂತ ಗುರುತು ಹಾಕಿದ್ದೇನೆ. ಇದು ಸರಿಯಾದ ದಾರಿಯೇ? ಈಗಿರುವುದು 38 ಮಿ.ಮೀ. ಟೈರು, ಸಾಕಾಗುತ್ತದೆಯೇ? ಹೋದ ದಾರಿಯಲ್ಲೇ ವಾಪಸ್ ಬರದೆ ಬೆಂಗಳೂರು ಸೇರುವ ಉಪಾಯ ಏನಾದರೂ ಇದೆಯೇ?

ಉತ್ತರ (ಸಿದ್ದಾಪುರ ತಾಲ್ಲೂಕಿನಿಂದ)

ದೇವಿಮನೆ ಬಿಡಿ. ಅದು ಹೆದ್ದಾರಿ, ಲಾರಿ ಬಸ್ಸುಗಳ ದಾರಿ. ನೀವು ದೊಡ್ಡಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಬನ್ನಿ. ವಾಪಸ್ ಹೋಗುವ ಪ್ರಶ್ನೆಯೂ ಅಲ್ಲೇ ಬಗೆಹರಿಯುತ್ತದೆ: ಸಿದ್ದಾಪುರದಿಂದ ತಾಳಗುಪ್ಪ ಹತ್ತಿರ, ಅಲ್ಲಿಂದ ಬೆಂಗಳೂರಿಗೆ ರಾತ್ರಿ ರೈಲಿದೆ. ಬರುವಾಗ ಕಾರವಾರದ ರೈಲು ಹತ್ತಿ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಿರಿ. ಕಡಲ ರೈಲಿನಿಂದ ಮಲೆನಾಡಿನ ರೈಲಿಗೆ, ನಡುವೆ ಪೂರ್ತಿ ಸೈಕಲ್. ಇದಕ್ಕಿಂತ ಚೆಂದದ ಜೋಡಣೆ ನನಗೆ ಗೊತ್ತಿಲ್ಲ.

ನಮ್ಮದು ಅಡಕೆ ತೋಟ. ನಾನು ಈ ದಾರಿಯನ್ನು ಆರು ಸಲ ಹತ್ತಿದ್ದೇನೆ, ಹೆಚ್ಚು ಸಲ ಒಬ್ಬನೇ. ಕಲಿತಿದ್ದು ಒಂದೇ: ಇಲ್ಲಿ ದಾರಿಯನ್ನಲ್ಲ, ಹೊಳೆಯನ್ನು ಅನುಸರಿಸಬೇಕು. ಅಘನಾಶಿನಿ ಶಿರಸಿಯ ಶಂಕರ ಹೊಂಡದ ಹತ್ತಿರ ಹುಟ್ಟಿ ತದಡಿಯಲ್ಲಿ ಕಡಲು ಸೇರುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಕ್ಕದ ಶರಾವತಿ, ಕಾಳಿಯ ಕಥೆ ನಿಮಗೆ ಗೊತ್ತೇ ಇದೆ. ಕಟ್ಟು ಬೀಳದ ಹೊಳೆ ಹೇಗಿರುತ್ತದೆ ಅಂತ ಬಾಯಿಂದ ಹಿಡಿದು ಮೇಲಿನವರೆಗೆ ನೋಡುವ ಭಾಗ್ಯ ಇಲ್ಲಿದೆ. ಕಾರಿನಲ್ಲಿ ಹೋದರೆ ಅದು ಕಾಣುವುದಿಲ್ಲ.

ಮೊದಲ ದಿನ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡು ಗೋಕರ್ಣ, ಅಲ್ಲಿಂದ ತದಡಿ. ತದಡಿಯಲ್ಲಿ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ. ಅಲ್ಲಿಂದ ಕಾಗಾಲ, ಬಾಡದ ಮೇಲೆ ಕುಮಟಾ. ದೂರ ಕಡಿಮೆ, ಆದರೆ ಅವಸರ ಮಾಡಬೇಡಿ. ಗಜನಿ ಭೂಮಿ ಅಂದರೆ ಏನು ಅಂತ ಕಣ್ಣಾರೆ ನೋಡುವುದು ಇಲ್ಲೇ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟರೆ ಮೀನು, ಸಿಗಡಿ. ನೀವು ಬರುವ ಹೊತ್ತಿಗೆ ಗದ್ದೆಯೆಲ್ಲ ನೀರು, ಮೇಲೆ ಬೆಳ್ಳಕ್ಕಿ.

ಎರಡನೇ ದಿನ ಕುಮಟಾದಿಂದ ಸಂತೇಗುಳಿ ಮಾರ್ಗವಾಗಿ ಘಟ್ಟ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಸರ ಆಗಬಾರದು: ಇದು ಉದ್ದಕ್ಕೂ ಗ್ರಾವೆಲ್ ಅಲ್ಲ. ಘಟ್ಟದ ಮುಖ್ಯ ದಾರಿ ಸಪೂರದ ಡಾಂಬರು, ಅಲ್ಲಲ್ಲಿ ಕಿತ್ತುಹೋಗಿದೆ. ನಿಜವಾದ ಕೆಮ್ಮಣ್ಣು ಇರುವುದು ಮಗ್ಗುಲ ದಾರಿಗಳಲ್ಲಿ, ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗುವಲ್ಲಿ. ಕಡಲಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಏರಬೇಕು. ಮುಂದಿನ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರ ಚಿಕ್ಕದಿದ್ದರೆ ಬ್ಯಾಗು ಹೊತ್ತ ಸೈಕಲ್ಲಿಗೆ ಕಷ್ಟ.

ಟೈರಿನ ಬಗ್ಗೆ. 38 ನಡೆಯುತ್ತದೆ, ಆದರೆ ಫ್ರೇಮಿನಲ್ಲಿ ಜಾಗ ಇದ್ದರೆ 42 ಅಥವಾ 45 ಹಾಕಿ, ಟ್ಯೂಬ್‌ಲೆಸ್ ಮಾಡಿಸಿ. ನಾನು 70 ಕಿಲೋ ಇದ್ದೇನೆ, 42ರ ಟೈರಿಗೆ ಮುಂದೆ 30, ಹಿಂದೆ 35 ಪಿಎಸ್‌ಐ ಹಾಕುತ್ತೇನೆ. ನಮ್ಮ ಜಂಬಿಟ್ಟಿಗೆ ಕಲ್ಲು ಬೆಂಗಳೂರಿನ ಕಡೆಯ ಗ್ರಾನೈಟ್ ಜಲ್ಲಿಯ ಹಾಗಲ್ಲ. ಒಣಗಿದ್ದರೆ ಚೂರುಗಳು ಗೋಲಿಯ ಹಾಗೆ ಉರುಳುತ್ತವೆ. ಹೊಸದಾಗಿ ಒಡೆದದ್ದಾದರೆ ಅಂಚು ಚೂಪು.

ಮೂರು ವರ್ಷದ ಹಿಂದೆ ಇಳಿಜಾರಿನಲ್ಲಿ ನನ್ನ ಹಿಂದಿನ ಟೈರಿನ ಪಕ್ಕೆ ಸೀಳಿತು. ಹೆಬ್ಬೆರಳಿನ ಉಗುರಿನಷ್ಟು. ತೂತು ಮುಚ್ಚಲೆಂದು ಟೈರಿನೊಳಗೆ ಹಾಕಿದ ದ್ರವ ಎಲ್ಲ ಮಣ್ಣುಪಾಲು. ಟ್ಯೂಬ್ ಹಾಕಿದೆ, ಸೀಳಿನಿಂದ ಅದು ಗುಳ್ಳೆಯ ಹಾಗೆ ಹೊರಗೆ ಇಣುಕಿತು. ಫೋನಿಗೆ ಸಿಗ್ನಲ್ ಇಲ್ಲ. ಸೈಕಲ್ ತಳ್ಳಿಕೊಂಡು ಬರುವಾಗ ತೋಟದಲ್ಲಿ ಅಡಕೆ ಕೊನೆ (ಗೊನೆ) ಹೊರುತ್ತಿದ್ದ ಅಜ್ಜ ಒಬ್ಬರು ನೋಡಿದರು. ಏನೂ ಕೇಳಲಿಲ್ಲ. ಬಿದ್ದಿದ್ದ ಅಡಕೆ ಹಾಳೆಯೊಂದನ್ನು ಅಬ್ಬಿನೀರಿನಲ್ಲಿ ನೆನೆಸಿ, ಕತ್ತಿಯಿಂದ ಮೂರು ಬೆರಳಗಲ ಕೊಯ್ದು, ಅಂಚನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿ ಕೊಟ್ಟರು. ಟೈರಿನ ಒಳಮೈಗೆ ಅದನ್ನಿಟ್ಟು ಟ್ಯೂಬ್ ಕೂರಿಸಿದೆ. ಕಡಿಮೆ ಗಾಳಿಯಲ್ಲಿ ಸಿದ್ದಾಪುರ ಮುಟ್ಟಿದೆ. ನಾನು ಹುಟ್ಟಿದಾಗಿನಿಂದ ಹಾಳೆ ತುಳಿದು ಬೆಳೆದವನು, ನನಗೆ ಅದು ಹೊಳೆದಿರಲಿಲ್ಲ. ಈಗ ನನ್ನ ಚೀಲದಲ್ಲಿ ಹಾಳೆಯ ತುಂಡೊಂದು ಯಾವಾಗಲೂ ಇರುತ್ತದೆ.

ಸಿದ್ದಾಪುರದ ಕಡೆ ಡಿಸೆಂಬರ್ ಅಂದರೆ ಕೊನೆಕೊಯ್ಲಿನ ಕಾಲ. ಸಂಜೆ ಊರೊಳಗೆ ಬಂದರೆ ಅಡಕೆ ಬೇಯಿಸುವ ಚೊಗರಿನ ವಾಸನೆ, ಮನೆ ಮನೆಯ ಜಗಲಿಯಲ್ಲಿ ದೀಪ ಹಾಕಿಕೊಂಡು ಸುಲಿಯುವವರು. ಅಂಗಳದಲ್ಲಿ ಹರವಿದ ಅಡಕೆಯ ಮೇಲೆ ದಯವಿಟ್ಟು ಸೈಕಲ್ ಹಾಯಿಸಬೇಡಿ. ತೋಟದ ದಾರಿ ನಕ್ಷೆಯಲ್ಲಿ ಕಂಡರೂ ಅದು ಒಬ್ಬರ ಮನೆಯ ದಾರಿ. ಕೂಗಿ ಕೇಳಿ. ಬೇಡ ಅಂದವರನ್ನು ನಾನು ನೋಡಿಲ್ಲ. ಮಜ್ಜಿಗೆ ಕೊಡದೆ ಕಳಿಸಿದವರನ್ನೂ ನೋಡಿಲ್ಲ.

ಉತ್ತರ (ಕುಮಟಾದಿಂದ)

ಮೇಲಿನವರು ಹೇಳಿದ್ದು ಸರಿ, ಕಡಲ ಕಡೆಯದ್ದು ಎರಡು ಮಾತು ಸೇರಿಸುತ್ತೇನೆ. ತದಡಿ ದೋಣಿಗೆ ಸೈಕಲ್ ಹಾಕಿಕೊಳ್ಳುತ್ತಾರೆ, ಬೈಕನ್ನೇ ಹಾಕುತ್ತಾರೆ. ಆದರೆ ಹತ್ತಿಸುವಾಗ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ದಡದ ಕಡೆ ಬರದ ಹಾಗೆ ನೀವೇ ಹಿಡಿದುಕೊಳ್ಳಿ. ಇಳಿತದ ಹೊತ್ತಿಗೆ ದಾಟುವಂತೆ ನೋಡಿಕೊಂಡರೆ ಹೊಳೆಯೊಳಗೆ ಬಳಚು (ಚಿಪ್ಪುಮೀನು) ಹೆಕ್ಕುವವರು ಕಾಣುತ್ತಾರೆ. ಎದೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡಕುತ್ತಾರೆ. ನಮ್ಮಮ್ಮ ಆ ಕೆಲಸ ಮಾಡಿ ನಮ್ಮನ್ನು ಓದಿಸಿದ್ದು, ಅದಕ್ಕೇ ಹೇಳುತ್ತಿದ್ದೇನೆ, ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ.

ಗಜನಿ ಒಡ್ಡಿನ ಮೇಲೆ ಸೈಕಲ್ ಹೊಡೆಯುವುದು ಬೇಡ. ಮಣ್ಣಿನ ಒಡ್ಡು ಅದು. ಒಂದು ಕಡೆ ಜರಿದರೆ ಉಪ್ಪುನೀರು ನುಗ್ಗುತ್ತದೆ. ತಳ್ಳಿಕೊಂಡು ನಡೆಯಿರಿ. ಸಂಜೆ ಚೈನನ್ನು ಸಿಹಿನೀರಲ್ಲಿ ತೊಳೆದು ಒರೆಸಿ ಎಣ್ಣೆ ಬಿಡಿ. ಉಪ್ಪಿನ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಟೈರು ಬದಲಿಸುತ್ತೇನೆ. ಮೂರನೇ ದಿನಕ್ಕೆ ಉಂಚಳ್ಳಿ ಜಲಪಾತ ಇಟ್ಟುಕೊಳ್ಳಲೇ? ಕಾಡಿನ ದಾರಿಯಲ್ಲಿ ಒಬ್ಬನೇ ಹೋಗಲು ಹೆದರಿಕೆ ಇದೆಯೇ?

ಉತ್ತರ (ಸಿದ್ದಾಪುರ ತಾಲ್ಲೂಕಿನಿಂದ)

ಖಂಡಿತ ಇಟ್ಟುಕೊಳ್ಳಿ. ಎರಡು ದಿನ ಪಕ್ಕದಲ್ಲೇ ಇದ್ದ ಹೊಳೆ ಅಲ್ಲಿ 116 ಮೀಟರ್ ಧುಮುಕುತ್ತದೆ. ಹೆಗ್ಗರಣೆ ಕಡೆಯಿಂದ ಹೋಗಬೇಕು. ಕೊನೆಗೆ ಸೈಕಲ್ ಇಟ್ಟು ನಡೆಯುವ ದಾರಿ. ಅಲ್ಲಿಂದ ತಾಳಗುಪ್ಪ ರೈಲಿಗೆ ಸಮಯ ಹಿಡಿಯುವುದು ಕಷ್ಟ, ಆದ್ದರಿಂದ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಹೊರಡಿ. ಆಗದಿದ್ದರೆ ಇನ್ನೊಂದು ದಿನ ರಜೆ ಹಾಕಿ, ಜಲಪಾತ ಬಿಡಬೇಡಿ.

ಕಾಡುಪ್ರಾಣಿಗಿಂತ ನಾನು ಹೆದರುವುದು ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. ಆ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ತಾಲ್ಲೂಕಿನಲ್ಲೂ ಜೀವ ಹೋಗಿದೆ. ಡಿಸೆಂಬರ್‌ನಿಂದ ಮಳೆ ಬರುವವರೆಗೆ ಅದರ ಕಾಲ. ಹಾಗಾಗಿ ಬಿಸಿಲು ಹೆಚ್ಚಿ ಸುಸ್ತಾದರೂ ತರಗೆಲೆಯ ಮೇಲೆ ಕೂರಬೇಡಿ, ಸೈಕಲ್ ಒರಗಿಸಿ ಮಲಗಬೇಡಿ. ಕಾಲಿಗೆ ಉದ್ದ ಬಟ್ಟೆ, ಮೈಗೆ ಉಣುಗು ಹತ್ತದಂತೆ ಹಚ್ಚುವ ಡೀಪಾ ಎಣ್ಣೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಸಿದ್ದಾಪುರದ ಕಾಡಿಗೆ ಹೋಗಿದ್ದೆ ಅಂತ ಹೇಳಲೇಬೇಕು.

ಹೊರಡುವ ವಾರ ಇಲ್ಲೇ ಒಂದು ಸಾಲು ಬರೆಯಿರಿ. ದೊಡ್ಡಮನೆ ಘಟ್ಟದಲ್ಲಿ ಧರೆ ಕುಸಿದದ್ದು, ರಿಪೇರಿ ನಡೆಯುತ್ತಿರುವುದು ಇದ್ದರೆ ತಿಳಿಸುತ್ತೇನೆ. ಕೊಯ್ಲಿನ ಆಳು ಸಿಕ್ಕಿದರೆ ಘಟ್ಟದ ಅರ್ಧದವರೆಗೆ ಇಳಿದು ಬಂದು ಜೊತೆಗೂಡುತ್ತೇನೆ. ಹಾಳೆ ಎರಡು ತುಂಡು ಹೆಚ್ಚಿಗೆ ತರುತ್ತೇನೆ.