ಬ್ಯಾಕಪ್, ಸ್ನ್ಯಾಪ್‌ಶಾಟ್, ಫ್ಯಾಬ್ರಿಕ್, ಝೋನ್: ನಾಳೆ ಬೆಳಗ್ಗೆಯೊಳಗೆ ಪದ ಬೇಕು

ಬೆಂಗಳೂರಿನಿಂದ, ಬುಧವಾರ ಸಂಜೆ 5:40

ಬಳಗದ ಎಲ್ಲರಿಗೂ ನಮಸ್ಕಾರ. ತುರ್ತು ಇದೆ, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ.

ನಾನು ಒಂದು ಸರ್ವರ್ ಕೋಣೆಯಲ್ಲಿ ಸ್ಟೋರೇಜ್ ಮತ್ತು ಬ್ಯಾಕಪ್ ಕೆಲಸ ನೋಡಿಕೊಳ್ಳುವವಳು. ರಾತ್ರಿ ಪಾಳಿಯ ಹುಡುಗರಿಗೆ ಎರಡು ಪುಟದ ಸೂಚನೆ, ಬಾಗಿಲಿಗೆ ಒಂದು ಫಲಕ, ಎರಡೂ ಕನ್ನಡದಲ್ಲಿ ಆಗಬೇಕು. ನಾಳೆ 11 ಗಂಟೆಗೆ ಪ್ರಿಂಟಿಗೆ ಹೋಗುತ್ತದೆ. ಬೇಕಾದ ಪದಗಳು ಐದು: ಬ್ಯಾಕಪ್, ಸ್ನ್ಯಾಪ್‌ಶಾಟ್, ರಿಸ್ಟೋರ್, ಫ್ಯಾಬ್ರಿಕ್, ಝೋನ್. ಹೊಸಬರಿಗೆ ಚುಟುಕಾಗಿ: ಬ್ಯಾಕಪ್ ಅಂದರೆ ದತ್ತಾಂಶವನ್ನು ಬೇರೆ ಕಡೆ, ನಮ್ಮಲ್ಲಿ ಟೇಪಿನ ಮೇಲೆ, ಉಳಿಸಿಡುವುದು. ಸ್ನ್ಯಾಪ್‌ಶಾಟ್ ಅಂದರೆ ಒಂದು ಗಳಿಗೆಯಲ್ಲಿ ದತ್ತಾಂಶ ಹೇಗಿತ್ತು ಅಂತ ಡಿಸ್ಕ್ ಪೆಟ್ಟಿಗೆಯೊಳಗೇ ಇಟ್ಟುಕೊಳ್ಳುವ ದಾಖಲೆ. ರಿಸ್ಟೋರ್ ಅಂದರೆ ಉಳಿಸಿದ್ದನ್ನು ಮತ್ತೆ ಬಳಕೆಗೆ ಇಳಿಸುವುದು. ಫ್ಯಾಬ್ರಿಕ್ ಅಂದರೆ ಸರ್ವರ್, ಡಿಸ್ಕ್, ಟೇಪುಗಳನ್ನು ಕೂಡಿಸುವ ಸ್ವಿಚ್‌ಗಳ ಜೋಡಣೆ. ಝೋನ್ ಅಂದರೆ ಅದರೊಳಗೆ ಯಾರಿಗೆ ಯಾರು ಕಾಣಬೇಕು ಅಂತ ಮಾಡುವ ಗುಂಪು.

ಇವು ಎಲ್ಲಿ ಬರುತ್ತವೆ ಅಂದರೆ, ನಮ್ಮ ಒಂದೊಂದು ಸರ್ವರಿಗೂ ಎರಡು ಫೈಬರ್ ಚಾನೆಲ್ (ಸರ್ವರನ್ನು ಸ್ಟೋರೇಜಿಗೆ ಜೋಡಿಸುವ ವೇಗದ ಸಂಪರ್ಕ) ಪೋರ್ಟ್ ಇವೆ. ಒಂದು ಎ ಫ್ಯಾಬ್ರಿಕ್‌ಗೆ, ಇನ್ನೊಂದು ಬಿ ಫ್ಯಾಬ್ರಿಕ್‌ಗೆ. ಎರಡರ ಸ್ವಿಚ್‌ಗಳೂ ಬೇರೆ, ಒಂದಕ್ಕೊಂದು ತಗಲುವುದಿಲ್ಲ. ಡಿಸ್ಕ್ ಪೆಟ್ಟಿಗೆಗೆ ಎರಡೂ ಕಡೆಯಿಂದ ದಾರಿ ಇದೆ. ಒಂದು ಕೇಬಲ್ ಹೋದರೆ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ. ಆದರೆ ಟೇಪ್ ಡ್ರೈವಿಗೆ ನಮ್ಮಲ್ಲಿ ಒಂದೇ ದಾರಿ. ಬ್ಯಾಕಪ್ ನಡೆಯುವಾಗ ಯಾರಾದರೂ ಆ ಕೇಬಲ್ ಕಿತ್ತರೆ ರಾತ್ರಿಯ ಕೆಲಸ ಪೂರ್ತಿ ಹಾಳು. ಎಲ್‌ಟಿಒ 8 ಟೇಪ್ ಡ್ರೈವ್ ಸೆಕೆಂಡಿಗೆ 360 ಎಂಬಿ ಬರೆದರೂ 12 ಟಿಬಿಯ ಒಂದು ಟೇಪು ತುಂಬಲು 9 ಗಂಟೆ ಮೀರುತ್ತದೆ. ಮತ್ತೆ ಶುರು ಮಾಡಲು ಮರುದಿನದ ರಾತ್ರಿಗೇ ಕಾಯಬೇಕು.

ಬ್ಯಾಕಪ್ಪಿಗೂ ಸ್ನ್ಯಾಪ್‌ಶಾಟಿಗೂ ಪದ ಬೇರೆ ಬೇರೆ ಇರಲೇಬೇಕು ಅಂತ ಹಟ ಹಿಡಿಯಲು ಕಾರಣ ಇದೆ. ಹಿಂದೆ ನಾನಿದ್ದ ಇನ್ನೊಂದು ಕಡೆ, ಕನ್ನಡ ಸೂಚನೆಯಲ್ಲಿ ಬ್ಯಾಕಪ್ಪಿಗೂ 'ಪ್ರತಿ', ಸ್ನ್ಯಾಪ್‌ಶಾಟಿಗೂ 'ಪ್ರತಿ' ಎಂದು ಬರೆದಿದ್ದರು. ಆಪರೇಟರ್ ಪರದೆ ನೋಡಿದ. ನಿನ್ನೆಯ ಪ್ರತಿ ಇದೆ ಅಂತ ಕಾಣಿಸಿತು. ಸರಿ ಅಂತ ಹಳೆಯ ಟೇಪನ್ನು ಮತ್ತೆ ಬಳಕೆಗೆ ಹಾಕಿದ. ಅವನು ನೋಡಿದ್ದು ಸ್ನ್ಯಾಪ್‌ಶಾಟ್. ಎರಡು ದಿನ ಬಿಟ್ಟು ಡಿಸ್ಕ್ ಪೆಟ್ಟಿಗೆ ಕೆಟ್ಟಿತು. ಅದರೊಳಗೇ ಇದ್ದ ಸ್ನ್ಯಾಪ್‌ಶಾಟ್ ಕೂಡ ಹೋಯಿತು. ಮೂರು ವಾರದ ಲೆಕ್ಕವನ್ನು ಕಾಗದ ನೋಡಿ ಕೈಯಿಂದ ತುಂಬಿದರು. ಆ ಹುಡುಗನನ್ನು ಎಲ್ಲರೂ ಬೈದರು. ಪದ ಆರಿಸಿದವರನ್ನು ಯಾರೂ ಕೇಳಲಿಲ್ಲ. ನನಗೆ ಈಗಲೂ ಅದು ನೋವು.

ಮೈಸೂರಿನಿಂದ, 6:15

ಬ್ಯಾಕಪ್ = ಪಡಿ. ಸ್ನ್ಯಾಪ್‌ಶಾಟ್ = ಗಳಿಗೆಪಡಿ. ರಿಸ್ಟೋರ್ = ಪಡಿಮರಳಿಕೆ. ಫ್ಯಾಬ್ರಿಕ್ = ಬಲೆ. ಝೋನ್ = ಪಾಲು.

ಪಡಿಯಚ್ಚು ಎಲ್ಲರಿಗೂ ಗೊತ್ತಿರುವ ಅಚ್ಚಗನ್ನಡ. ಅದನ್ನು ಬಿಟ್ಟು ಸಂಸ್ಕೃತದ 'ಪ್ರತಿ'ಯ ಹಿಂದೆ ಹೋದದ್ದೇ ತಪ್ಪು. ನಿಮ್ಮ ಹುಡುಗ ಎಡವಿದ್ದು ಅದಕ್ಕೇ.

ಧಾರವಾಡದಿಂದ, 6:50

ಪಡಿ ಅಚ್ಚಗನ್ನಡ ಅಲ್ಲ. ಅದು 'ಪ್ರತಿ'ಯ ತದ್ಭವ. 'ಪ್ರತಿಹಾರ' (ಬಾಗಿಲು ಕಾಯುವವನು) 'ಪಡಿಯರ' ಆದ ದಾರಿಯಲ್ಲೇ ಇದೂ ಬಂದಿದೆ. ಕೇಶಿರಾಜನ ವ್ಯಾಕರಣ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಇನ್ನೊಮ್ಮೆ ತೆಗೆದು ನೋಡಿ, ಆಮೇಲೆ ಅಚ್ಚಗನ್ನಡದ ಮಾತು ಆಡೋಣ.

ಅದೂ ಹೋಗಲಿ. ಮೇಡಂ ಕೇಳಿದ್ದು ಎರಡಕ್ಕೂ ಬೇರೆ ಪದ. ನೀವು ಪಡಿ, ಗಳಿಗೆಪಡಿ ಅಂತ ಮತ್ತೆ ಅದೇ ಗುಂಡಿ ತೋಡಿದ್ದೀರಿ. ಇನ್ನು ಜನರ ಬಾಯಲ್ಲಿ ಪಡಿ ಅಂದರೆ ಪಡಿತರ ಚೀಟಿ, ಅಕ್ಕಿ.

ನನ್ನ ಸೂಚನೆ 'ಕಾಪು'. ಕಾಯು ಧಾತುವಿನಿಂದ ಬಂದದ್ದು. ನೆನೆ-ನೆನಪು, ಹೊಳೆ-ಹೊಳಪು ಇದ್ದ ಹಾಗೆ. ಕಾಪಾಡು, ಕಾಪಿಡು ಎರಡರಲ್ಲೂ ಅದೇ ಬೇರು. ಬ್ಯಾಕಪ್ಪಿನ ಹುರುಳು ಇರುವುದು ನಕಲಿನಲ್ಲಲ್ಲ, ಕಾಯುವುದರಲ್ಲಿ. ತಮಿಳರು 'ಕಾಪ್ಪುಪ್ಪಿರದಿ' ಅಂತ ಬಹಳ ಹಿಂದೆಯೇ ಮಾಡಿಕೊಂಡಿದ್ದಾರೆ. 'ಕಾಪು ಇದೆಯಾ?' ಅಂತ ಕೇಳಿದರೆ ಸಾಕು, ಅರ್ಥ ತಾನೇ ನಿಲ್ಲುತ್ತದೆ.

ಅಮೆರಿಕದಿಂದ, 7:05

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬ್ಯಾಕಪ್ ಅಂತಲೇ ಬರೆಯಿರಿ. ಅಮ್ಮನ ಫೋನಿನಲ್ಲೂ ಕನ್ನಡ ಲಿಪಿಯಲ್ಲಿ 'ಬ್ಯಾಕಪ್' ಅಂತಲೇ ಇದೆ, ಅವರಿಗೆ ಅರ್ಥವಾಗುತ್ತದೆ. ಚರ್ಚೆ ಮುಗಿಯಿತು.

ಸ್ನ್ಯಾಪ್‌ಶಾಟ್ ಬಗ್ಗೆ ಒಂದು ಮಾತು. ಅದನ್ನು ಅಷ್ಟು ಕೀಳಾಗಿ ನೋಡಬೇಡಿ. 2017ರ ಜನವರಿ 31ರಂದು, ಕೋಡ್ ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್‌ನವರ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋಯಿತು. ಅವರ ಹತ್ತಿರ ಐದು ಬಗೆಯ ಬ್ಯಾಕಪ್ ಏರ್ಪಾಡು ಇತ್ತು. ಬೇಕಾದ ಹೊತ್ತಿಗೆ ಯಾವುದೂ ನೆಟ್ಟಗೆ ಕೈಗೆ ಬರಲಿಲ್ಲ. ಉಳಿಸಿದ್ದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್.

ಬೆಂಗಳೂರಿನಿಂದ, 7:30

ನಿಮ್ಮ ಮಾತು ನಿಜ. ಆದರೆ ಆ ಸ್ನ್ಯಾಪ್‌ಶಾಟ್ ಉಳಿಸಿದ್ದು ಯಾಕೆ? ಅದರ ದತ್ತಾಂಶವನ್ನು ಆಗಲೇ ಬೇರೆ ಮಷಿನ್‌ಗೆ, ಪ್ರಯೋಗಕ್ಕೆ ಇಟ್ಟ ಸರ್ವರಿಗೆ, ಸಾಗಿಸಿ ಆಗಿತ್ತು. ಅಲ್ಲೇ ಬಿಟ್ಟಿದ್ದರೆ?

ಡಿಸ್ಕ್ ಪೆಟ್ಟಿಗೆಯ ಸ್ನ್ಯಾಪ್‌ಶಾಟ್ ಪೂರ್ತಿ ನಕಲು ಅಲ್ಲವೇ ಅಲ್ಲ. ಆ ಗಳಿಗೆಯಲ್ಲಿ ಯಾವ ಬ್ಲಾಕ್ (ದತ್ತಾಂಶದ ತುಣುಕು) ಎಲ್ಲಿತ್ತು ಅಂತ ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಬದಲಾದ ಬ್ಲಾಕ್‌ಗಳ ಹಳೆಯ ರೂಪವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮಿಕ್ಕದ್ದೆಲ್ಲ ಮೂಲದ ಬ್ಲಾಕ್‌ಗಳೇ. ಮೂಲ ಮುಳುಗಿದರೆ ಅದೂ ಮುಳುಗುತ್ತದೆ. ಅದಕ್ಕೇ ಅದರ ಹೆಸರಿನಲ್ಲಿ ಪ್ರತಿಯೂ ಬೇಡ, ಪಡಿಯೂ ಬೇಡ ಅನ್ನುತ್ತಿರುವುದು.

ಮೈಸೂರಿನಿಂದ, 7:40

ಅಮೆರಿಕದವರಿಗೆ: ಇದು ಸೋಮಾರಿತನ. ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಹಾಗೇ ಇಳಿಸಿಕೊಂಡರೆ ಕನ್ನಡದಲ್ಲಿ ಉಳಿಯುವುದು 'ಮಾಡು', 'ಆಗು' ಎರಡೇ ಕ್ರಿಯಾಪದ. ಬ್ಯಾಕಪ್ ಮಾಡು, ರಿಸ್ಟೋರ್ ಮಾಡು, ಫೇಲ್ ಆಗು.

'ಕಡತ' ನೋಡಿ. ಬಟ್ಟೆಗೆ ಇದ್ದಿಲ ಸರಿ ಬಳಿದು, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ವಸ್ತು ಅದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದಿವೆ. ಆ ವಸ್ತು ಬಳಕೆಯಿಂದ ಹೋಯಿತು. ಪದ ಆಫೀಸಿನ ಫೈಲಿಗೆ ಬಂತು, ಅಲ್ಲಿಂದ ಕಂಪ್ಯೂಟರಿನ ಫೈಲಿಗೂ ಬಂತು. ಹೀಗೆ ನಮ್ಮ ಪದಕ್ಕೆ ಹೊಸ ಕೆಲಸ ಕೊಡಬೇಕು. ಎರವಲು ತಂದು ತಂದು ಮನೆ ಕಟ್ಟಲು ಆಗುವುದಿಲ್ಲ.

ಅಮೆರಿಕದಿಂದ, 7:52

ಎರವಲು ಬೇಡ ಅನ್ನುವವರು ಕುರ್ಚಿಯಿಂದ ಏಳಿ, ತಾರೀಖು ನೋಡಬೇಡಿ, ಜಿಲ್ಲೆ ಹೆಸರು ಹೇಳಬೇಡಿ. ಮೂರೂ ಅರಬ್ಬಿಯಿಂದ ಬಂದದ್ದು. ಮನೆ ಬಿದ್ದಿಲ್ಲ.

ಧಾರವಾಡದಿಂದ, 8:00

ಇಬ್ಬರೂ ಸಾಕು ಮಾಡಿ. ಅರಬ್ಬಿ ಪದ ಬಂದಾಗ ಕನ್ನಡ ಅದನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡಿತು. ಕುರ್ಸಿ ಕುರ್ಚಿ ಆಯಿತು. ಈಗ ನಾವು ಒಗ್ಗಿಸುವುದನ್ನೇ ಬಿಟ್ಟಿದ್ದೇವೆ, ನನ್ನ ಬೇಸರ ಅದು. ಇರಲಿ, ನಾಳೆ 11ಕ್ಕೆ ಪ್ರಿಂಟು ಇದೆ.

'ಬೇರೆ ಕಡೆ ಇರಬೇಕು' ಅಂದಿರಲ್ಲ ಮೇಡಂ, ಅದು ಬಹಳ ಸರಿಯಾದ ಮಾತು. ನಿಮ್ಮ ಬೆಂಗಳೂರಿನ ಸುತ್ತಲೇ ಎಷ್ಟೋ ಶಾಸನದ ಕಲ್ಲುಗಳು ಈಗಿಲ್ಲ. ರಸ್ತೆ, ಮನೆ ಕಟ್ಟುವಾಗ ಹೋದವು. ಆದರೆ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಅವುಗಳ ಪಾಠವನ್ನು ಅಚ್ಚು ಹಾಕಿಸಿದ್ದರು. ಬೆಂಗಳೂರು ಜಿಲ್ಲೆಯದು 1905ರಲ್ಲಿ ಬಂತು. ಕಲ್ಲು ಹೋಯಿತು, ಪಾಠ ಉಳಿಯಿತು. ಅದೇ ಕಲ್ಲಿನ ಹಿಂಬದಿಗೆ ಇನ್ನೊಂದು ಸಲ ಕೆತ್ತಿದ್ದರೆ ಉಳಿಯುತ್ತಿರಲಿಲ್ಲ. ರೈಸ್ ಮಾಡಿದ್ದು ಕಾಪು.

ಇಳಕಲ್ಲಿನಿಂದ, 8:35

ಬ್ಯಾಕಪ್ ವಿಷಯ ನೀವೇ ಮಾತಾಡಿಕೊಳ್ಳಿ. ನನಗೆ ಫ್ಯಾಬ್ರಿಕ್ ಬಗ್ಗೆ ಹೇಳುವುದಿದೆ. ನಮ್ಮದು ಮಗ್ಗದ ಮನೆ. ಮಗ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾನೆ. ಅವನನ್ನು ಕೇಳಿ, ಬಿಡಿಸಿ ಹೇಳಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

'ಬಲೆ' ಖಂಡಿತ ಅಲ್ಲ. ಬಲೆಯಲ್ಲಿ ಗಂಟು ಇರುತ್ತದೆ. ದಾರ ಎಲ್ಲಿ ಕೂಡುತ್ತದೋ ಅಲ್ಲಿ ಗಂಟು ಬಿದ್ದು ನಿಲ್ಲುತ್ತದೆ. ನೇಯ್ಗೆಯಲ್ಲಿ ಗಂಟಿಲ್ಲ. ಹಾಸು ಒಂದು ದಿಕ್ಕಿಗೆ, ಹೊಕ್ಕು ಇನ್ನೊಂದು ದಿಕ್ಕಿಗೆ. ಒಂದನ್ನೊಂದು ದಾಟಿ ಹೋಗುತ್ತವೆ, ಯಾವುದೂ ನಿಲ್ಲುವುದಿಲ್ಲ. ಆ ಸ್ವಿಚ್ಚಿನಲ್ಲಿಯೂ ಹಾಗೇ ಅಂತ ಮಗ ಹೇಳಿದ. ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ ಬೇಕಾದರೂ ಹಾಯಬಹುದು, ಒಬ್ಬರು ಹಾಯುವಾಗ ಇನ್ನೊಬ್ಬರಿಗೆ ಅಡ್ಡಿ ಇಲ್ಲ. ಹಾಗಿದ್ದರೆ ಅದು ನೇಯ್ಗೆಯೇ.

ಎ ಮತ್ತು ಬಿ ಒಂದಕ್ಕೊಂದು ತಗಲುವುದಿಲ್ಲ ಅಂದಿರಿ. ಅಂದರೆ ಎರಡು ಮಗ್ಗ, ಎರಡು ಬೇರೆ ನೇಯ್ಗೆ. ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅವನ್ನು ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತೇವೆ. ನಿಮ್ಮಲ್ಲಿ ಆ ಕುಣಿಕೆ ಹಾಕಲೇಬಾರದು, ಅಲ್ವಾ? ಹಾಕಿದರೆ ಒಂದರ ಕೇಡು ಇನ್ನೊಂದಕ್ಕೆ ಹರಿಯುತ್ತದೆ. ಇದನ್ನು ನಿಮ್ಮ ಹುಡುಗರಿಗೆ ಹೀಗೇ ಹೇಳಿ ನೋಡಿ, ತಿಳಿಯುತ್ತದೆ.

ಝೋನಿಗೆ 'ಓಣಿ' ಅನ್ನಿ. ಒಂದು ಓಣಿಯವರಿಗೆ ಆ ಓಣಿಯವರೇ ಕಾಣುತ್ತಾರೆ. ಪಕ್ಕದ ಓಣಿಯಲ್ಲಿ ಯಾರಿದ್ದಾರೆ ಗೊತ್ತಾಗುವುದಿಲ್ಲ.

ಮೈಸೂರಿನಿಂದ, 8:50

ನೇಯ್ಗೆ ಒಪ್ಪಿದೆ, ಬಲೆ ಹಿಂತೆಗೆದುಕೊಂಡೆ. ಆದರೆ 'ಬಟ್ಟೆ' ಇನ್ನೂ ಮೇಲು. ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ. ಈಗ ಅರಿವೆ. ಫ್ಯಾಬ್ರಿಕ್‌ನಲ್ಲಿ ಎರಡೂ ಇದೆ. ಇಂಥ ಪದ ಬೇರೆ ಭಾಷೆಯಲ್ಲಿ ಸಿಗುವುದಿಲ್ಲ.

ಧಾರವಾಡದಿಂದ, 8:54

'ಎ ಬಟ್ಟೆಯ ಕೇಬಲ್ ಪರೀಕ್ಷಿಸಿ' ಅಂತ ಓದಿದವನು ಒರೆಸುವ ಬಟ್ಟೆ ಹುಡುಕುತ್ತಾನೆ. ಬೇಡ.

ಬೆಂಗಳೂರಿನಿಂದ, 10:10

ಎಲ್ಲರಿಗೂ ವಂದನೆ. ನಾನು ಇಷ್ಟು ಹೊತ್ತು ಸುಮ್ಮನಿರಲಿಲ್ಲ. ಈ ರಾತ್ರಿ ಪಾಳಿಯಲ್ಲಿರುವ ಹುಡುಗನಿಗೆ ಫೋನ್ ಮಾಡಿ ಒಂದೊಂದೇ ಪದ ಓದಿದೆ. ಏನು ಅರ್ಥವಾಯಿತು ಹೇಳು ಅಂದೆ.

'ಕಾಪು' ನಡೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡಿ ಸರ್. ಎಸಿ, ಫ್ಯಾನುಗಳ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು 'ಕಾಪಿ'. ಅಂದರೆ ನಾನು ಯಾವ ಅರ್ಥವನ್ನು ದೂರ ಇಡಬೇಕು ಅಂತಿದ್ದೆನೋ ಅದೇ ಬಂತು. ಪುಸ್ತಕದಲ್ಲಿ ಬರೆಯಲು ನನಗೆ ಆ ಪದ ತುಂಬ ಇಷ್ಟ. ಫೋನಿನಲ್ಲಿ ಕೂಗಿ ಹೇಳಲು ಆಗದು. ಫಲಕದಲ್ಲಿ 'ಬ್ಯಾಕಪ್' ಇರುತ್ತದೆ.

ಸ್ನ್ಯಾಪ್‌ಶಾಟಿಗೆ 'ಗುರುತು' ಅಂತ ಓದಿದೆ. ಮೇಲೆ ವಿವರಿಸುವಾಗ ನಾನೇ ಬಳಸಿದ್ದ ಪದ ಅದು. ಅವನು ಕೂಡಲೇ ಹೇಳಿದ: "ಗುರುತು ಅಂದ್ರೆ ಬರೀ ಗುರುತು, ಸರಕು ಅಲ್ಲಿಲ್ಲ ಅಲ್ವಾ ಮೇಡಂ?" ನನಗೆ ಬೇಕಿದ್ದದ್ದು ಅಷ್ಟೇ. ಇನ್ನು ಅವನು ಗುರುತು ನೋಡಿ ಟೇಪು ಅಳಿಸುವುದಿಲ್ಲ. ಸೂಚನೆಯಲ್ಲಿ 'ಗಳಿಗೆ ಗುರುತು' ಅಂತ ಹಾಕುತ್ತೇನೆ. ಗಳಿಗೆ ಮೈಸೂರಿನವರದ್ದು.

ರಿಸ್ಟೋರ್ 'ಮರಳಿ ತರುವುದು'. ಅವನು 'ವಾಪಸ್ ತರೋದು' ಅಂದ. ಬರೆಯುವಾಗ ಮರಳಿ ಅಂತ ಇರಲಿ, ಎರಡೂ ಒಂದೇ ಅಂತ ಅವನಿಗೆ ಗೊತ್ತು.

ಫ್ಯಾಬ್ರಿಕ್‌ಗೆ ಅವರು ದಿನವೂ ಹೇಳುವುದು 'ಎ ಸೈಡ್, ಬಿ ಸೈಡ್'. ಅದನ್ನೇ 'ಎ ಕಡೆ, ಬಿ ಕಡೆ' ಮಾಡಿದ್ದೇನೆ. ಆದರೆ ಸೂಚನೆಯ ಮೊದಲ ಪ್ಯಾರಾದಲ್ಲಿ ಇಳಕಲ್ಲಿನ ಅಣ್ಣನವರ ಎರಡು ನೇಯ್ಗೆ, ಕುಣಿಕೆ ಹಾಕಬಾರದು ಅನ್ನುವ ಮಾತು ಹಾಗೇ ಇದೆ. ಎರಡು ಕಡೆಯ ಸ್ವಿಚ್‌ಗಳ ನಡುವೆ ಕೇಬಲ್ ಎಳೆಯಬೇಡಿ ಅಂತ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದಿಲ್ಲ.

'ಓಣಿ' ತೆಗೆದುಕೊಂಡೆ. ನಮ್ಮಲ್ಲಿ ಒಂದು ಓಣಿಗೆ ಒಂದೇ ಸರ್ವರ್, ಅದು ನಿಯಮ. ಆದರೆ ಟೇಪ್ ಡ್ರೈವ್ ಎರಡು ಮೂರು ಓಣಿಗೆ ಸೇರಿರುತ್ತದೆ. ಅದಕ್ಕೆ 'ಮೂಲೆ ಮನೆ, ಎರಡೂ ಓಣಿಗೆ ಬಾಗಿಲು' ಅಂದೆ. ಹುಡುಗ ನಕ್ಕ, ಆದರೆ ತಿಳಿಯಿತು.

ಫೈಬರ್ ಚಾನೆಲ್ ಹೆಸರನ್ನು ಮುಟ್ಟಿಲ್ಲ. ಯಾರಾದರೂ ನಾರು, ಎಳೆ ಅನ್ನುವ ಮೊದಲೇ ಹೇಳುತ್ತೇನೆ: ಅದು ತಾಮ್ರದ ತಂತಿಯಲ್ಲೂ ಓಡುತ್ತದೆ. ಹಾಗೆ ಓಡಬಹುದು ಅಂತಾದ ಮೇಲೆ ಅದರ ಇಂಗ್ಲಿಷ್ ಕಾಗುಣಿತವನ್ನೇ ಬದಲಿಸಿದರು. ಗಾಜಿನ ಎಳೆಗೆ ಕಟ್ಟಿಹಾಕಿದರೆ ತಪ್ಪಾಗುತ್ತದೆ.

ಫಲಕದ ಮಾತು ಹೀಗಿದೆ, ಕಣ್ಣಾಡಿಸಿ: "ಒಳಗೆ ಬ್ಯಾಕಪ್ ನಡೆಯುತ್ತಿದೆ. ರಾತ್ರಿ 9ರಿಂದ ಬೆಳಗ್ಗೆ 7ರವರೆಗೆ ತಿಳಿನೀಲಿ ಕೇಬಲ್‌ಗಳನ್ನು ಮುಟ್ಟಬೇಡಿ. ಸಂದೇಹ ಇದ್ದರೆ ಮೊದಲು ಪಾಳಿಯವರನ್ನು ಕೇಳಿ."

ಮೈಸೂರಿನಿಂದ, 10:25

ಬ್ಯಾಕಪ್ ನನಗೆ ಒಪ್ಪಿಗೆ ಇಲ್ಲ. ಗುರುತು, ಓಣಿ ಎರಡೂ ಚೆನ್ನಾಗಿವೆ. 'ಸಂದೇಹ' ಯಾಕೆ, 'ಅನುಮಾನ'...

ಮೈಸೂರಿನಿಂದ, 10:27

ಅದೂ ಸಂಸ್ಕೃತವೇ. 'ತಿಳಿಯದಿದ್ದರೆ' ಅನ್ನಿ.

ಧಾರವಾಡದಿಂದ, 10:31

ತಿಳಿಯದಿದ್ದರೆ, ಸರಿ. 'ಮುಟ್ಟಬೇಡಿ' ಬೇಡ, 'ಕೀಳಬೇಡಿ' ಇರಲಿ. ಧೂಳು ಒರೆಸಲು ಬರುವವರು ಮುಟ್ಟಲೇಬೇಕಲ್ಲ.

ಬೆಂಗಳೂರಿನಿಂದ, 10:33

ಎರಡೂ ಬದಲಿಸಿದೆ. ಪ್ರಿಂಟಿಗೆ ಕಳಿಸುತ್ತಿದ್ದೇನೆ.