ಕ್ಯಾಪ್ಟನ್ ಅವರನ್ನು ಕೇಳಿ: ತೈಲ ರಿಗ್‌ಗಳ ನಡುವೆ ಹಾಯಿದೋಣಿ

ಅಡ್ಮಿನ್: ಈ ವಾರ ಪೊನ್ನಂಪೇಟೆಯ ನಿವೃತ್ತ ಕ್ಯಾಪ್ಟನ್ ನಮ್ಮ ಜೊತೆ ಇದ್ದಾರೆ. ಮುಂಬೈ ಕಡಲಲ್ಲಿ ರಿಗ್‌ಗಳಿಗೆ ಸಾಮಾನು ಸಾಗಿಸುವ ಹಡಗು ನಡೆಸಿದವರು. ಕಡಲಿನ ಬಗ್ಗೆ ಮಾತ್ರ ಕೇಳಿ. ಕಾಫಿ ರೇಟು ಬೇಡ.

ಸೋಮವಾರಪೇಟೆ ಅಕ್ಕ: ನಮಸ್ಕಾರ ಸರ್. ಪುತ್ತರಿ ಮುಗಿಸಿಕೊಂಡು ಮಗ ಸ್ನೇಹಿತನ ಯಾಟ್‌ನಲ್ಲಿ ಮುಂಬೈನಿಂದ ಪೋರಬಂದರಿಗೆ ಹೊರಟಿದ್ದಾನೆ. 36 ಅಡಿ ದೋಣಿ, ಇಬ್ಬರೇ. ರಿಗ್‌ನಿಂದ 500 ಮೀಟರ್ ಬಿಟ್ಟರೆ ಸಾಕು ಅನ್ನುತ್ತಾನೆ. ಒಂದು ರಿಗ್ಗನ್ನೇ ಜಿಪಿಎಸ್‌ನಲ್ಲಿ ಗುರುತು ಹಾಕಿ ಆಟೋಪೈಲಟ್‌ಗೆ ಕೊಡುತ್ತಾರಂತೆ, ಹತ್ತಿರ ಬಂದಾಗ ತಿರುಗಿಸುತ್ತಾರಂತೆ. ಎಂಜಿನ್ ಆಗಾಗ ನಿಲ್ಲುತ್ತದೆ, ಹಾಯಿ ಇದೆಯಲ್ಲ ಅಂತಾನೆ. ಇದು ಸರಿನಾ?

ಕುಶಾಲನಗರ ಬೈಕರ್: ರಿಗ್‌ಗೆ ದೋಣಿ ಕಟ್ಟಿ ರಾತ್ರಿ ಮಲಗಬಹುದಾ ಸರ್?

ಕ್ಯಾಪ್ಟನ್: ಇಲ್ಲ.

ಮಡಿಕೇರಿ ಮಂಜು: ರಾತ್ರಿ ರಿಗ್ ಕಾಣುತ್ತದಾ?

ಕ್ಯಾಪ್ಟನ್: ಕಾಣುತ್ತದೆ. ಬಿಳಿ ದೀಪ, ಎರಡು ಗಿಡ್ಡ ಮಿಣುಕು, ಒಂದು ಉದ್ದ. 15 ಸೆಕೆಂಡಿನೊಳಗೆ ಮತ್ತೆ ಅದೇ. ಮೋರ್ಸ್‌ನಲ್ಲಿ ಯು ಅಕ್ಷರ, ಅಪಾಯದ ಕಡೆಗೆ ಬರುತ್ತಿದ್ದೀರಿ ಎಂದು. ಮಂಜು ಕವಿದರೆ ಅದೇ ಲಯದಲ್ಲಿ ಹಾರ್ನ್, 30 ಸೆಕೆಂಡಿಗೊಮ್ಮೆ.

ಗೋಣಿಕೊಪ್ಪ ಪ್ಲಾಂಟರ್: ತಂಗಿ ಮಗ ಐಟಿಐ ಮಾಡಿದ್ದಾನೆ. ರಿಗ್‌ನಲ್ಲಿ ಕೆಲಸ ಸಿಗುತ್ತಾ ಸರ್?

ಕ್ಯಾಪ್ಟನ್: ಸೋಮವಾರಪೇಟೆ ಅಕ್ಕ, ನಿಮ್ಮ ಮಗನ ಪ್ಲಾನ್ ಸರಿಯಿಲ್ಲ.

500 ಮೀಟರ್ ಅನ್ನುವುದು ಕಾನೂನಿನ ಗೆರೆ. ಅದರ ಒಳಗೆ ಹೋಗುವಂತಿಲ್ಲ, ಅಷ್ಟೆ. ಹೊರಗಿದ್ದರೆ ಕ್ಷೇಮ ಅಂತ ಯಾರೂ ಬರೆದುಕೊಟ್ಟಿಲ್ಲ. ಗಾಳಿ ಬಿದ್ದುಹೋಯಿತು, ಎಂಜಿನ್ ಸ್ಟಾರ್ಟ್ ಆಗಲಿಲ್ಲ ಅಂದುಕೊಳ್ಳಿ. ನೀರಿನ ಸೆಳೆತ ಎರಡು ನಾಟ್, ಅಂದರೆ ಗಂಟೆಗೆ ಸುಮಾರು 3.7 ಕಿ.ಮೀ. ಇದ್ದರೆ 500 ಮೀಟರ್ ತೇಲಿ ರಿಗ್ಗಿನ ಕಾಲಿಗೆ ಬಡಿಯಲು ಎಂಟು ನಿಮಿಷ ಸಾಕು. ಅಷ್ಟರಲ್ಲಿ ಡೀಸೆಲ್ ಫಿಲ್ಟರ್ ಬಿಚ್ಚಿ, ಲೈನಿನ ಗಾಳಿ ತೆಗೆದು ಮುಗಿಯುತ್ತದಾ? ಕಡಿಮೆ ಅಂದರೆ ಎರಡು ನಾಟಿಕಲ್ ಮೈಲಿ (ಸುಮಾರು 3.7 ಕಿ.ಮೀ.) ಬಿಡಲಿ. ಅದೂ ಸೆಳೆತ ರಿಗ್ ದಾಟಿ ಆಚೆ ಹರಿಯುವ ಬದಿಯಲ್ಲಿ. ಆಗ ದೋಣಿ ಕೆಟ್ಟು ನಿಂತರೂ ನೀರು ದೂರಕ್ಕೇ ಒಯ್ಯುತ್ತದೆ.

ರಿಗ್ಗನ್ನೇ ಗುರುತು ಮಾಡುವುದಂತೂ ಬೇಡವೇ ಬೇಡ. ಇಬ್ಬರೇ ಇರುವ ದೋಣಿ. ಒಬ್ಬ ಮಲಗಿರುತ್ತಾನೆ, ಇನ್ನೊಬ್ಬನಿಗೆ ಬೆಳಗಿನ ಜಾವ ತೂಕಡಿಕೆ. ಆಟೋಪೈಲಟ್ ಹೇಳಿದ ಜಾಗಕ್ಕೆ ನೇರ ಕರೆದುಕೊಂಡು ಹೋಗುತ್ತದೆ, ನಡುವೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಗುರುತು ಖಾಲಿ ನೀರಿನಲ್ಲಿರಲಿ. ಕೈ ದಿಕ್ಸೂಚಿ ಹಿಡಿದು ಐದೈದು ನಿಮಿಷಕ್ಕೆ ರಿಗ್ ದೀಪ ಯಾವ ದಿಕ್ಕಿನಲ್ಲಿದೆ ನೋಡಲಿ. ದಿಕ್ಕು ಬದಲಾಗದೆ ದೀಪ ಹತ್ತಿರವಾಗುತ್ತಿದ್ದರೆ ನೇರ ಅದಕ್ಕೇ ಗುದ್ದುತ್ತಾರೆ.

ಇನ್ನೊಂದು. ಪುತ್ತರಿ ಮುಗಿದ ಆ ತಿಂಗಳಲ್ಲಿ, ಅಂದರೆ ಡಿಸೆಂಬರ್ ಸುಮಾರಿಗೆ, ಅಲ್ಲಿ ಗಾಳಿ ಹೆಚ್ಚಾಗಿ ಉತ್ತರ, ವಾಯವ್ಯದಿಂದ. ಇವರು ಹೋಗುವುದೂ ವಾಯವ್ಯಕ್ಕೇ. ಎದುರುಗಾಳಿಗೆ ಹಾಯಿದೋಣಿ ನೇರ ಹೋಗುವುದಿಲ್ಲ, ಅಂಕುಡೊಂಕಾಗಿ ಹೋಗಬೇಕು. ಒಂದು ತಿರುವಿಗೆ ಪನ್ನಾ, ಮುಕ್ತಾ ತೈಲ ಕ್ಷೇತ್ರಗಳು ಹತ್ತಿರ ಬರುತ್ತವೆ. ಪಶ್ಚಿಮಕ್ಕೆ ಜಾಸ್ತಿ ಎಳೆದರೆ ಮುಂಬೈ ಹೈ ತೈಲ ಕ್ಷೇತ್ರ. ತಳಕ್ಕೆ ಕಾಲೂರಿ ನಿಲ್ಲುವ ಜಾಕ್‌ಅಪ್ ರಿಗ್‌ಗಳು ಜಾಗ ಬದಲಿಸುತ್ತವೆ, ನಕ್ಷೆಯಲ್ಲಿ ಸಿಗುವುದಿಲ್ಲ. ಹೊರಡುವ ದಿನ ನೌಕಾ ಎಚ್ಚರಿಕೆಗಳನ್ನು ಓದಲೇಬೇಕು. ತೇಲುವ ರಿಗ್ ಇದ್ದರೆ ಅದರ ಲಂಗರು ಹಗ್ಗ 500 ಮೀಟರಿಗಿಂತ ಆಚೆಗೂ ಚಾಚಿರುತ್ತದೆ. ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕಿವಿ ಇರಲಿ. ಕಾವಲು ಹಡಗು ಕರೆದರೆ ಉತ್ತರ ಕೊಡಲಿ.

ಎಂಜಿನ್ ಯಾಕೆ ನಿಲ್ಲುತ್ತದೆ? ಅದನ್ನು ಮೊದಲು ಹೇಳಿ.

ವಿರಾಜಪೇಟೆ ಮಾವ: ಫಾರ್ವರ್ಡ್ ಬಂದದ್ದು: "ಅಲೆ ಜಾಸ್ತಿಯಾದರೆ ಅಡುಗೆ ಎಣ್ಣೆ ಸುರಿಯಿರಿ. ದಾರಿ ತಪ್ಪಿದರೆ ರಿಗ್ಗಿನ ಬೆಂಕಿ ನೋಡಿಕೊಂಡು ನೇರ ಹೋಗಿ. ಹಾಯಿದೋಣಿಗೆ ಎಲ್ಲ ಹಡಗೂ ದಾರಿ ಬಿಡಬೇಕು." ಎಲ್ಲರಿಗೂ ಕಳಿಸಿ.

ಕ್ಯಾಪ್ಟನ್: ಯಾರಿಗೂ ಕಳಿಸಬೇಡಿ. ರಿಗ್ಗಿನಲ್ಲಿ ಗ್ಯಾಸ್ ಉರಿಸುವ ಬೆಂಕಿ ನೋಡಿಕೊಂಡು ಹೋದವನು ರಿಗ್ಗಿಗೇ ಹೋಗುತ್ತಾನೆ. ಆ ಬೆಳಕಿಗೆ ಕಣ್ಣು ಕೋರೈಸಿ ಪಕ್ಕದ ಸಣ್ಣ ದೋಣಿಯ ದೀಪ ಕಾಣುವುದಿಲ್ಲ. ಕೆಂಪು, ಬಿಳಿ, ಕೆಂಪು ದೀಪ ಒಂದರ ಕೆಳಗೊಂದು ಉರಿಸಿದ ಹಡಗು ಕೆಲಸದಿಂದಾಗಿ ಸರಿದುಕೊಳ್ಳಲಾಗದ ಹಡಗು, ಅದಕ್ಕೆ ಹಾಯಿದೋಣಿಯೇ ದಾರಿ ಬಿಡಬೇಕು. ರಿಗ್ ಸುತ್ತ ಇಂಥ ಹಡಗುಗಳು ಇದ್ದೇ ಇರುತ್ತವೆ. ಎಣ್ಣೆಯಲ್ಲಿ ಪಕೋಡ ಕರಿಯಿರಿ.

ವಿರಾಜಪೇಟೆ ಮಾವ: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಖಾರ ಬೇಡ.

ಮಡಿಕೇರಿ ಮಂಜು: ದೊಡ್ಡ ಹಡಗುಗಳೇ ರಿಗ್ ಪಕ್ಕ ನಿಲ್ಲುತ್ತವಲ್ಲ ಸರ್?

ಕ್ಯಾಪ್ಟನ್: 2005ರ ಜುಲೈ 27, ಮುಂಬೈ ಹೈ ನಾರ್ತ್ ತೈಲ ಪ್ಲಾಟ್‌ಫಾರ್ಮ್. ಬೆರಳು ಕೊಯ್ದುಕೊಂಡ ತನ್ನ ಅಡುಗೆಯವನನ್ನು ಚಿಕಿತ್ಸೆಗೆ ಪ್ಲಾಟ್‌ಫಾರ್ಮ್‌ಗೆ ಹತ್ತಿಸಲು ಸಮುದ್ರ ಸುರಕ್ಷಾ ಹಡಗು ಪಕ್ಕಕ್ಕೆ ಬಂತು. ಮಳೆಗಾಲದ ಅಲೆ. ಗ್ಯಾಸ್ ಪೈಪಿಗೆ ಬಡಿಯಿತು. ಇಡೀ ಪ್ಲಾಟ್‌ಫಾರ್ಮ್ ಸುಟ್ಟುಹೋಯಿತು. 22 ಜನ ಸತ್ತರು. ಅದು ಪಳಗಿದವರು ನಡೆಸುತ್ತಿದ್ದ ಹಡಗು.

ಗೋಣಿಕೊಪ್ಪ ಪ್ಲಾಂಟರ್: ನಮ್ಮ ಜಿಲ್ಲೆಗೆ ಕಡಲೇ ಇಲ್ಲ. ಇದೆಲ್ಲ ಇಲ್ಲಿ ಯಾಕೆ? ನನ್ನ ಐಟಿಐ ಪ್ರಶ್ನೆ ಹಾಗೇ ಇದೆ.

ಕುಶಾಲನಗರ ಬೈಕರ್: ಹಾರಂಗಿ ಡ್ಯಾಮ್ ಇದೆಯಲ್ಲ. ಅಲ್ಲಿ ಹಾಯಿದೋಣಿ ಬಿಟ್ಟರೆ ನಮ್ಮ ಹುಡುಗರು ಕಲಿಯುತ್ತಾರೆ.

ಗೋಣಿಕೊಪ್ಪ ಪ್ಲಾಂಟರ್: ಟೂರಿಸ್ಟ್‌ಗಳು ಬಾಟಲಿ ಎಸೆಯೋಕೆ ಇನ್ನೊಂದು ಜಾಗ ಬೇಕಾ?

ಕುಶಾಲನಗರ ಬೈಕರ್: ನಿಮ್ಮ ಹೋಂಸ್ಟೇ ಬಾಟಲಿ ಎಲ್ಲಿಗೆ ಹೋಗುತ್ತೆ ಅಣ್ಣಾ?

ಗೋಣಿಕೊಪ್ಪ ಪ್ಲಾಂಟರ್: ನನ್ನ ಹೋಂಸ್ಟೇ ಸುದ್ದಿ ನಿನಗೆ ಬೇಡ. ಬಂದು ನೋಡು, ಆಮೇಲೆ ಮಾತಾಡು.

ವಿರಾಜಪೇಟೆ ಮಾವ: ಬಂದರೆ ಬಿಲ್ ಹಾಕ್ತಾನೆ, ಹೋಗಬೇಡ.

ಅಡ್ಮಿನ್: ಕಡಲಿನ ಬಗ್ಗೆ ಮಾತ್ರ ಅಂದಿದ್ದೆ.

ಮಡಿಕೇರಿ ಮಂಜು: ಯಾಟ್ ಓಡಿಸಲು ಲೈಸೆನ್ಸ್ ಬೇಕಾ ಸರ್?

ಸೋಮವಾರಪೇಟೆ ಅಕ್ಕ: ಮಗನಿಗೆ ಎಲ್ಲ ಓದಿ ಹೇಳಿದೆ ಸರ್. ಮೊದಲು ಸಿಟ್ಟು ಮಾಡಿಕೊಂಡ. ಎಂಟು ನಿಮಿಷದ ಲೆಕ್ಕ ಕೇಳಿ ಸುಮ್ಮನಾದ. ಅಲೆ ಜೋರಾದಾಗಲೇ ಎಂಜಿನ್ ನಿಲ್ಲುತ್ತದಂತೆ. ಫಿಲ್ಟರ್ ಹೊಸದು ಹಾಕಿಸಿದ್ದಾರಂತೆ.

ಕ್ಯಾಪ್ಟನ್: ಅಂದುಕೊಂಡೆ. ಟ್ಯಾಂಕಿನ ತಳದಲ್ಲಿ ಕೆಸರಿದೆ. ದೋಣಿ ಅಲುಗಿದಾಗ ಎದ್ದು ಫಿಲ್ಟರ್ ಕಟ್ಟುತ್ತದೆ. ಹೊಸ ಫಿಲ್ಟರ್ ಕೂಡ ಕಟ್ಟುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆಸಲಿ, ಆಮೇಲೆ ಅಲೆ ಇರುವ ದಿನ ದಡದ ಹತ್ತಿರವೇ ಓಡಿಸಿ ನೋಡಲಿ. ಅಲ್ಲಿಯವರೆಗೆ ಹೊರಡುವುದು ಬೇಡ.

ಕುಶಾಲನಗರ ಬೈಕರ್: ಸರ್, ರಿಗ್ ಹತ್ತಿರ ಹೋಗಿ ಒಂದು ಸೆಲ್ಫಿ ತೆಗೆದು ಬಂದುಬಿಟ್ಟರೆ?

ಕ್ಯಾಪ್ಟನ್: ಮೇಲೆ ಓದು.