ಯುಎಸ್ಎನ್ ಹ್ಯಾಶ್ ಮಾಡಿದರೆ ಮತ ಗುಟ್ಟಾಗಿ ಉಳಿಯುತ್ತಾ?

ಪ್ರಶ್ನೆ (ಕೊನೇ ವರ್ಷದ ಬಿಇ ವಿದ್ಯಾರ್ಥಿ, ಬೆಂಗಳೂರು):
ನಮಸ್ಕಾರ ಮೇಡಂ. ನಾವು ನಾಲ್ಕು ಜನ ಸೇರಿ ವಿದ್ಯಾರ್ಥಿ ಚುನಾವಣೆಗೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ, ಬರೆದದ್ದನ್ನು ತಿದ್ದಲಾಗದ ಲೆಕ್ಕದ ಪುಸ್ತಕ) ಮತದಾನದ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಇಥೀರಿಯಂ ಅನ್ನುವ ಸಾರ್ವಜನಿಕ ಚೈನ್‌ನ ಟೆಸ್ಟ್‌ನೆಟ್ (ಪ್ರಯೋಗದ ಜಾಲ), ಸಾಲಿಡಿಟಿ ಭಾಷೆಯಲ್ಲಿ ಕಾಂಟ್ರಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ). ಕಾಲೇಜಿನ ಇಮೇಲ್‌ಗೆ ಓಟಿಪಿ ಬರುತ್ತೆ, ಲಾಗಿನ್ ಆಗಿ ಮತ ಒತ್ತಬೇಕು. ಒಬ್ಬರೇ ಎರಡು ಸಲ ಹಾಕಬಾರದು ಅಂತ ಯುಎಸ್ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಅನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡಿ (ಅಂದರೆ ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿ ಬದಲಿಸಿ) ಮತದ ಜೊತೆಗೇ ಚೈನ್‌ನಲ್ಲಿ ಇಡುತ್ತೇವೆ. ಹೆಸರು ಎಲ್ಲೂ ಇಲ್ಲ. ಗೈಡ್ ಸರ್ ಈ ಸಲದ ಕ್ಲಬ್ ಚುನಾವಣೆಯನ್ನು ಇದರಲ್ಲೇ ನಡೆಸೋಣ ಅನ್ನುತ್ತಿದ್ದಾರೆ. ಇದು ಸೇಫ್ ಅಲ್ವಾ?

ಉತ್ತರ (ಸೆಕ್ಯುರಿಟಿ ಇಂಜಿನಿಯರ್):
ಸೇಫ್ ಅಲ್ಲ ತಮ್ಮಾ. ಈಗಿರುವ ಹಾಗೆ ನಡೆಸಿದರೆ ಯಾರು ಯಾರಿಗೆ ಹಾಕಿದರು ಅನ್ನುವುದು ಅದೇ ಸಂಜೆ ಗೊತ್ತಾಗುತ್ತದೆ.

ಯುಎಸ್ಎನ್ ಹೇಗಿರುತ್ತೆ ನೋಡಿ. ವಲಯದ ಒಂದು ಅಂಕಿ, ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ವಿಭಾಗದ ಎರಡಕ್ಷರ, ಕೊನೆಗೆ ಮೂರಂಕಿ. ನಿಮ್ಮ ಕಾಲೇಜು ಅಂದಮೇಲೆ ವಲಯ, ಕಾಲೇಜಿನ ಆ ಮೊದಲ ಮೂರು ಅಕ್ಷರ ಎಲ್ಲರಿಗೂ ಒಂದೇ. ಉಳಿದದ್ದನ್ನು ಜೋಡಿಸಿದರೆ ಎಷ್ಟಾಗುತ್ತೆ? ಹತ್ತು ವಿಭಾಗ, ನಾಲ್ಕು ವರ್ಷ, ಒಂದೊಂದಕ್ಕೂ ಸಾವಿರ ಅಂಕಿ ಅಂತ ಧಾರಾಳವಾಗಿ ಹಿಡಿದರೂ ಬರೀ 40,000. ಯಾವನೋ ಒಬ್ಬ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಅಷ್ಟಕ್ಕೂ ಹ್ಯಾಶ್ ಹಾಕಿ ನಿಮ್ಮ ಚೈನ್ ಜೊತೆ ಹೋಲಿಸುತ್ತಾನೆ. ಹಳೇ ಲ್ಯಾಪ್‌ಟಾಪಿಗೂ ಅದು ಒಂದು ಸೆಕೆಂಡೂ ಹಿಡಿಯದ ಕೆಲಸ. ಹ್ಯಾಶ್ ಅನ್ನು ಹಿಂದಕ್ಕೆ ತಿರುಗಿಸಲು ಆಗಲ್ಲ ಅನ್ನುವುದು ನಿಜ. ಆದರೆ ತಿರುಗಿಸುವ ಅಗತ್ಯವೇ ಇಲ್ಲವಲ್ಲ, ಊಹಿಸಿದರೆ ಸಾಕು. ಚೈನ್‌ನಿಂದ ಅಳಿಸಲೂ ಆಗಲ್ಲ. ಇವತ್ತು ಹಾಕಿದ ಮತ ಹಾಕಿದವನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆ.

ಇನ್ನೊಂದು. ಕಾಂಟ್ರಾಕ್ಟ್‌ನಲ್ಲಿ ಮತಗಳ ಲೆಕ್ಕವನ್ನು ‘ಪ್ರೈವೇಟ್’ ಅಂತ ಬರೆದಿದ್ದೀರಾ? ಸಾಲಿಡಿಟಿಯಲ್ಲಿ ಆ ಪದ ಬೇರೆ ಕಾಂಟ್ರಾಕ್ಟ್‌ಗಳನ್ನು ಮಾತ್ರ ತಡೆಯುತ್ತದೆ. ಚೈನ್ ಮೇಲೆ ಅದು ಇಟ್ಟ ಮಾಹಿತಿಯನ್ನು (ಸ್ಟೋರೇಜ್) ಯಾರು ಬೇಕಾದರೂ ಓದಬಹುದು. ಮಧ್ಯಾಹ್ನ ಊಟದ ಹೊತ್ತಿಗೇ ಯಾರು ಮುಂದಿದ್ದಾರೆ ಅಂತ ಕ್ಯಾಂಟೀನಿನಲ್ಲಿ ಲೆಕ್ಕ ಶುರುವಾಗುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ):
ಹ್ಯಾಶ್‌ಗೆ ಸಾಲ್ಟ್ (ಜೊತೆಗೆ ಬೆರೆಸುವ ಗುಟ್ಟಿನ ಸಂಖ್ಯೆ) ಸೇರಿಸಿದರೆ ಸರಿ ಹೋಗುತ್ತಾ ಮೇಡಂ? ಇಲ್ಲಾಂದ್ರೆ ಯುಎಸ್ಎನ್ ಪೂರ್ತಿ ಬಿಟ್ಟು, ಪ್ರತಿಯೊಬ್ಬರಿಗೂ ಒಂದು ವಾಲೆಟ್ (ಚೈನ್‌ನಲ್ಲಿನ ಹೆಸರಿಲ್ಲದ ಖಾತೆ) ಕೊಟ್ಟರೆ?

ಉತ್ತರ:
ಸಾಲ್ಟ್ ಯಾರ ಹತ್ತಿರ ಇರುತ್ತೆ? ನಿಮ್ಮ ಸರ್ವರ್‌ನಲ್ಲಿ. ಹಾಗಾದರೆ ಹೊರಗಿನವನಿಗೆ ಗೊತ್ತಾಗಲ್ಲ, ನಿಮಗೆ ನಾಲ್ವರಿಗೂ ಗೊತ್ತಾಗುತ್ತೆ. ಚುನಾವಣೆಯಲ್ಲಿ ನಡೆಸುವವರಿಂದಲೂ ಮತ ಮುಚ್ಚಿಡಬೇಕು.

ವಾಲೆಟ್ ಯೋಚನೆ ಕೇಳಲು ಚೆನ್ನಾಗಿದೆ. ಆದರೆ ಗ್ಯಾಸ್, ಅಂದರೆ ಪ್ರತಿ ವ್ಯವಹಾರಕ್ಕೆ ಚೈನ್ ಕೇಳುವ ಶುಲ್ಕ, ಯಾರು ಕೊಡುತ್ತಾರೆ? ನೀವೇ ಒಂದು ಖಾತೆಯಿಂದ ಎಲ್ಲರ ವಾಲೆಟ್‌ಗೂ ಟೆಸ್ಟ್ ಈಥರ್ (ಟೆಸ್ಟ್‌ನೆಟ್‌ನ ನಾಣ್ಯ) ಹಾಕಬೇಕು. ಯಾವ ವಾಲೆಟ್ ಯಾರಿಗೆ ಕೊಟ್ಟಿರಿ ಅನ್ನುವ ಎಕ್ಸೆಲ್ ಹಾಳೆ ಒಂದು ಎಲ್ಲೋ ಇದ್ದೇ ಇರುತ್ತದೆ. ಆ ಹಾಳೆ ಸಿಕ್ಕವನಿಗೆ ಎಲ್ಲರ ಮತವೂ ಸಿಕ್ಕಿತು. ಹಾಳೆ ಇಲ್ಲದಿದ್ದರೂ ಓಟಿಪಿ ಹೋದ ಸಮಯ, ಮತ ಬಿದ್ದ ಸಮಯ ಪಕ್ಕಪಕ್ಕ ಇಟ್ಟರೆ ಮುಗಿಯಿತು.

ಇಲ್ಲಿ ಮಾಡಬೇಕಾದ್ದು ‘ಯಾರು’ ಅನ್ನುವುದನ್ನೂ ‘ಯಾರಿಗೆ’ ಅನ್ನುವುದನ್ನೂ ಬೇರೆ ಮಾಡುವುದು. ಅದಕ್ಕೆ ಕ್ರಿಪ್ಟೋಗ್ರಫಿ (ಗುಪ್ತಲಿಪಿ) ತಜ್ಞ ಡೇವಿಡ್ ಚೌಮ್ 1980ರ ದಶಕದ ಶುರುವಿನಲ್ಲೇ ಬ್ಲೈಂಡ್ ಸಿಗ್ನೇಚರ್ ಅನ್ನುವ ದಾರಿ ತೋರಿಸಿದ್ದಾರೆ. ಕಾರ್ಬನ್ ಹಾಳೆ ಇಟ್ಟ ಲಕೋಟೆಯ ಮೇಲೆ ಸಹಿ ಹಾಕಿಸಿಕೊಂಡ ಹಾಗೆ. ಸಹಿ ಒಳಗಿನ ಚೀಟಿಗೆ ಬೀಳುತ್ತದೆ, ಹಾಕಿದವರು ಚೀಟಿ ನೋಡಿರುವುದಿಲ್ಲ. ವಿದ್ಯಾರ್ಥಿಯ ಫೋನೇ ಒಂದು ದೊಡ್ಡ ಸಂಖ್ಯೆ ಆರಿಸಿ ಮುಸುಕು ಹಾಕಿ ಕಳಿಸುತ್ತದೆ. ಆಫೀಸಿನವರು ಐಡಿ ಕಾರ್ಡ್ ನೋಡಿ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಸಹಿ ಮಾಡುತ್ತಾರೆ. ಆಮೇಲೆ ಮುಸುಕು ತೆಗೆದ ಸಂಖ್ಯೆಯಿಂದ ಮತ ಹಾಕಬಹುದು. ಸಹಿ ಅಸಲಿ ಅಂತ ತಿಳಿಯುತ್ತದೆ, ಯಾರದು ಅಂತ ತಿಳಿಯುವುದಿಲ್ಲ. ಆದರೆ ಸಹಿ ಪಡೆದ ಕೂಡಲೇ ಅದೇ ಐಪಿಯಿಂದ (ಇಂಟರ್‌ನೆಟ್ ವಿಳಾಸದಿಂದ) ಮತ ಹಾಕಿದರೆ ಈ ಕಷ್ಟವೆಲ್ಲ ಸುಮ್ನೆ. ಸಹಿ ಒಂದು ದಿನ, ಮತ ಇನ್ನೊಂದು ದಿನ ಇಡಿ.

ಪ್ರಶ್ನೆ (ಉಪನ್ಯಾಸಕರು, ಯಲಹಂಕ ಕಡೆ):
ಮೇಡಂ, ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತು ಮೂವತ್ತು ವರ್ಷ ದಾಟಿತು. ಮತ್ತೆ ಶುರುವಾದರೆ ಗಲಾಟೆ ಇಲ್ಲದೆ ನಡೆಯಲಿ ಅಂತ ನಮ್ಮ ಮ್ಯಾನೇಜ್‌ಮೆಂಟ್ ಕೂಡ ಇಂಥದ್ದೇ ಯೋಚಿಸುತ್ತಿದೆ. ಸಾರ್ವಜನಿಕ ಚೈನ್ ಬೇಡ, ಕಾಲೇಜಿನೊಳಗೇ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ (ಆಯ್ದವರಿಗಷ್ಟೇ ತೆರೆದ ಖಾಸಗಿ ಬ್ಲಾಕ್‌ಚೈನ್) ಹಾಕಿ ನಾಲ್ಕು ನೋಡ್ (ಲೆಕ್ಕದ ಪ್ರತಿ ಇಡುವ ಕಂಪ್ಯೂಟರ್) ಇಟ್ಟರೆ ಆಗಲ್ವಾ?

ಉತ್ತರ:
ಸರ್, ಆ ನಾಲ್ಕು ನೋಡ್ ಎಲ್ಲಿರುತ್ತವೆ? ಒಂದೇ ಸರ್ವರ್ ರೂಮಿನಲ್ಲಿ, ಒಬ್ಬರೇ ಸಿಸ್ಟಮ್ ಅಡ್ಮಿನ್ ಕೈಯಲ್ಲಿ ಅಂದರೆ ಅದು ಹೆಚ್ಚು ಕರೆಂಟ್ ತಿನ್ನುವ ಡೇಟಾಬೇಸ್ ಅಷ್ಟೇ. ಒಬ್ಬರನ್ನೊಬ್ಬರು ನಂಬದವರು ಒಂದೇ ಲೆಕ್ಕ ಇಟ್ಟುಕೊಳ್ಳಲಿ ಅಂತಲೇ ಬ್ಲಾಕ್‌ಚೈನ್ ಇರುವುದು. ಹಾಗಾಗಿ ನೋಡ್‌ಗಳು ಎದುರಾಳಿ ಅಭ್ಯರ್ಥಿಗಳ ಕಡೆಯವರ ಹತ್ತಿರ ಒಂದೊಂದು ಇದ್ದರೆ ಅರ್ಥವಿದೆ. ಇನ್ನೊಂದು, ಫ್ಯಾಬ್ರಿಕ್‌ನಲ್ಲಿ ನೋಡ್‌ಗಳೆಲ್ಲ ಒಂದೇ ಲೆಕ್ಕಕ್ಕೆ ಒಪ್ಪಲು ಸಾಮಾನ್ಯವಾಗಿ ಬಳಸುವ ರಾಫ್ಟ್ ವಿಧಾನ, ನೋಡ್ ಕೆಟ್ಟು ನಿಂತರೆ ಮಾತ್ರ ತಡೆದುಕೊಳ್ಳುತ್ತದೆ, ಮೋಸ ಮಾಡುವ ನೋಡನ್ನು ತಡೆಯುವುದಿಲ್ಲ.

ನನ್ನ ಮಾತು ಕೇಳಿದರೆ ಚೈನೇ ಬೇಡ. ಸಂಜೆ ಮತದಾನ ಮುಗಿದ ಕೂಡಲೇ ಎನ್‌ಕ್ರಿಪ್ಟ್ ಆದ (ಕೀಲಿ ಇಲ್ಲದೆ ಓದಲಾಗದಂತೆ ಮುಚ್ಚಿದ) ಎಲ್ಲ ಮತಗಳ ಫೈಲ್ ಪ್ರಕಟಿಸಿ. ಅದರ ಒಟ್ಟು ಹ್ಯಾಶ್ ಪ್ರಿಂಟ್ ತೆಗೆದು ಪ್ರತಿ ವಿಭಾಗದ ನೋಟಿಸ್ ಬೋರ್ಡಿಗೆ ಅಂಟಿಸಿ, ಎಲ್ಲ ಏಜೆಂಟರ ವಾಟ್ಸಾಪ್‌ಗೂ ಕಳಿಸಿ. ಆಮೇಲೆ ಒಂದು ಅಕ್ಷರ ತಿದ್ದಿದರೂ ಸಿಕ್ಕಿಬೀಳುತ್ತಾರೆ. ಚೈನ್ ಮಾಡುವುದೂ ಇಷ್ಟನ್ನೇ, ಬರೆದದ್ದನ್ನು ಆಮೇಲೆ ತಿದ್ದದಂತೆ ಕಾಯುತ್ತದೆ. ಫೋನಿನಲ್ಲೇ ಮತ ಬದಲಾಗಿ ಬಂದರೆ ಆ ಸುಳ್ಳನ್ನೂ ಅಷ್ಟೇ ಜೋಪಾನವಾಗಿ ಕಾಯುತ್ತದೆ.

ಕಾಮೆಂಟ್ (ಸ್ಟಾರ್ಟಪ್ ಒಂದರ ಡೆವಲಪರ್):
ಅಕ್ಕ, ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಿ. ಮಾಸ್ಕೋದಲ್ಲಿ, ಅಮೆರಿಕದಲ್ಲಿ ಮಾಡಿದ್ದಾರೆ. ಪಕ್ಕದ ತೆಲಂಗಾಣದಲ್ಲೂ ಟ್ರಯಲ್ ಆಗಿದೆ.

ಉತ್ತರ:
ಮಾಡಿದ್ದಾರೆ, ಆಮೇಲೆ ಏನಾಯಿತು ಅಂತಲೂ ಹೇಳಬೇಕಲ್ಲಪ್ಪ. 2019ರಲ್ಲಿ ಮಾಸ್ಕೋ ಚುನಾವಣೆಗೆ ಮುಂಚೆ ಅದರ ಕೋಡ್ ಪ್ರಕಟಿಸಿದಾಗ ಫ್ರಾನ್ಸಿನ ಸಂಶೋಧಕ ಪಿಯೆರಿಕ್ ಗೋದ್ರಿ ಆ ಎನ್‌ಕ್ರಿಪ್ಷನ್ ಅನ್ನು ಸುಮಾರು 20 ನಿಮಿಷದಲ್ಲಿ ಸಾಮಾನ್ಯ ಕಂಪ್ಯೂಟರಿನಲ್ಲಿ ಮುರಿದು ತೋರಿಸಿದರು. ಕೀಲಿಗಳು 256 ಬಿಟ್‌ಗಿಂತ ಚಿಕ್ಕವಿದ್ದವು. 2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಬಳಸಿದ ವೋಟ್ಸ್ (Voatz) ಅನ್ನುವ ಮತದಾನದ ಆ್ಯಪ್‌ನಲ್ಲಿ ಎಂಐಟಿ ಸಂಶೋಧಕರು 2020ರಲ್ಲಿ ದೊಡ್ಡ ತೂತುಗಳನ್ನು ಕಂಡರು. ಎರಡರಲ್ಲೂ ಸೋತದ್ದು ಚೈನ್ ಅಲ್ಲ, ಚೈನ್‌ಗೆ ಮುಂಚಿನ ಭಾಗ. ತೆಲಂಗಾಣದ ಖಮ್ಮಂನಲ್ಲಿ 2021ರಲ್ಲಿ ಆದದ್ದು ಅಣಕು ಮತದಾನ ಮಾತ್ರ, ನಿಜವಾದ ಚುನಾವಣೆಯಲ್ಲ.

ಪ್ರಶ್ನೆ (ಹಾಸ್ಟೆಲ್ ವಿದ್ಯಾರ್ಥಿನಿ):
ಮೇಡಂ, ಸೀನಿಯರ್‌ಗಳು ರೂಮಿಗೇ ಬಂದು ಪಕ್ಕದಲ್ಲಿ ನಿಂತು ‘ಒತ್ತು’ ಅಂದರೆ?

ಉತ್ತರ:
ಇದು ಈ ಥ್ರೆಡ್‌ನ ಒಳ್ಳೇ ಪ್ರಶ್ನೆ. ಕೋಡ್‌ನಲ್ಲಿ ಇದಕ್ಕೆ ಪೂರ್ತಿ ಉತ್ತರ ಇಲ್ಲ. 2005ರಿಂದ ಇಂಟರ್‌ನೆಟ್ ಮತದಾನ ನಡೆಸುವ ಎಸ್ಟೋನಿಯಾದಲ್ಲಿ ಎಷ್ಟು ಸಲ ಬೇಕಾದರೂ ಮತ ಬದಲಿಸಬಹುದು, ಕೊನೆಯದ್ದೇ ಲೆಕ್ಕ. ಬೂತಿಗೆ ಹೋಗಿ ಚೀಟಿಯಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ಆದರೆ ಕಾಲೇಜಿನಲ್ಲಿ ಫೋನ್ ಮತವೇ ಬೇಡ ಅನ್ನುತ್ತೇನೆ. ಕಂಪ್ಯೂಟರ್ ಲ್ಯಾಬಿನಲ್ಲಿ ಮರೆ ಕಟ್ಟಿ, ಫೋನ್ ಹೊರಗಿಡಿಸಿ, ಒಬ್ಬೊಬ್ಬರನ್ನೇ ಬಿಡಿ. ಮತದ ಸ್ಕ್ರೀನ್‌ಶಾಟ್ ತೋರಿಸು ಅನ್ನುವ ಕಾಟವೂ ತಪ್ಪುತ್ತದೆ.

ಪ್ರಶ್ನೆ (ಮೊದಲ ವಿದ್ಯಾರ್ಥಿ):
ಹಾಗಾದರೆ ಪ್ರಾಜೆಕ್ಟ್ ಕೈಬಿಡಬೇಕಾ ಮೇಡಂ? ರಿವ್ಯೂ ಮುಂದಿನ ತಿಂಗಳು.

ಉತ್ತರ:
ಯಾಕೆ ಬಿಡಬೇಕು? ಹೀಲಿಯೋಸ್ ಅನ್ನುವ ಓಪನ್ ಸೋರ್ಸ್ ಆನ್‌ಲೈನ್ ಮತದಾನ ವ್ಯವಸ್ಥೆ 2008ರಿಂದ ಇದೆ. ಮೊದಲು ಅದನ್ನು ಇನ್‌ಸ್ಟಾಲ್ ಮಾಡಿ ಓಡಿಸಿ. ಮತ ಎನ್‌ಕ್ರಿಪ್ಟ್ ಆದಮೇಲೆ ‘ಹಾಕು’ ಅಥವಾ ‘ಪರೀಕ್ಷಿಸು’ ಅಂತ ಕೇಳುತ್ತದೆ. ಪರೀಕ್ಷಿಸು ಅಂದರೆ ಆ ಮತವನ್ನು ಬಿಚ್ಚಿ ತೋರಿಸುತ್ತದೆ, ಆಮೇಲೆ ಹೊಸದಾಗಿ ಎನ್‌ಕ್ರಿಪ್ಟ್ ಮಾಡಬೇಕು. ಮೋಸದ ಸಾಫ್ಟ್‌ವೇರ್‌ಗೆ ಯಾವಾಗ ಪರೀಕ್ಷೆ ಬರುತ್ತೆ ಅಂತ ಗೊತ್ತಾಗದ ಹಾಗೆ ಮಾಡಿದ್ದಾರೆ. ಇದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಅರ್ಧ ರಿಪೋರ್ಟ್ ಮುಗಿಯಿತು. ಚೈನ್ ಬೇಕೇಬೇಕು ಅಂತ ಗೈಡ್ ಹಟ ಹಿಡಿದರೆ ಎನ್‌ಕ್ರಿಪ್ಟ್ ಆದ ಮತಗಳ ಪಟ್ಟಿ ಮಾತ್ರ ಅದರಲ್ಲಿ ಇಡಿ. ಯುಎಸ್ಎನ್ ಯಾವ ರೂಪದಲ್ಲೂ ಬೇಡ.

ಎಣಿಕೆಯ ಕೀಲಿ ಬಗ್ಗೆ ಹುಷಾರು. ಜಗತ್ತಿನ ಕ್ರಿಪ್ಟೋಗ್ರಫಿ ಪಂಡಿತರ ಸಂಘ ಐಎಸಿಆರ್ 2025ರಲ್ಲಿ ತನ್ನ ಚುನಾವಣೆಯನ್ನು ಹೀಲಿಯೋಸ್‌ನಲ್ಲೇ ನಡೆಸಿತು. ಮೂವರ ಕೀಲಿಯೂ ಸೇರಿದರೆ ಮಾತ್ರ ತೆರೆಯುವ ಹಾಗಿತ್ತು. ಒಬ್ಬರು ಕೀಲಿ ಕಳೆದುಕೊಂಡರು, ಫಲಿತಾಂಶ ಬರಲೇ ಇಲ್ಲ, ಮತ್ತೆ ಚುನಾವಣೆ ಮಾಡಬೇಕಾಯಿತು. ನೀವು ಐವರಿಗೆ ಕೀಲಿ ಹಂಚಿ, ಮೂವರು ಸೇರಿದರೆ ಸಾಕು ಅನ್ನುವ ಹಾಗೆ ಇಡಿ. ಐವರಲ್ಲಿ ಎದುರಾಳಿ ಬಣದ ಒಬ್ಬೊಬ್ಬರಾದರೂ ಇರಲಿ, ನಿಮ್ಮ ನಾಲ್ವರಲ್ಲಿ ಯಾರೂ ಬೇಡ. ಮತ್ತೆ ಈ ಸಲದ ಕ್ಲಬ್ ಚುನಾವಣೆಗೆ ಪಕ್ಕದಲ್ಲೇ ಚೀಟಿ ಡಬ್ಬಿಯೂ ಇರಲಿ. ಎರಡರ ಎಣಿಕೆ ತಾಳೆ ನೋಡಿ, ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ ಅಂತ ಮೊದಲೇ ನೋಟಿಸ್‌ನಲ್ಲಿ ಬರೆಸಿಬಿಡಿ.